ಹಸುರುಮನೆಯ ಅಸ್ತಿಭಾರ

ಅಸ್ತಿಭಾರವೆಂಬ ಪದದಲ್ಲಿಯೇ ‘ಭಾರ’ವೆಂಬ ದನಿ ಕಿವಿಗೆ ಬೀಳುತ್ತದೆ. ಆದ್ದರಿಂದಲೋ ಏನೋ, ಭಾರವಾದ ಕಟ್ಟಡಕ್ಕೆ ಮಾತ್ರ ಅದು ಬೇಕು, ಹಗುರವಾದುದಕ್ಕೆ ಬೇಡವೆಂದು ನಾವು ಭಾವಿಸುತ್ತೇವೆ. ಈ ತಪ್ಪನ್ನು ನಾನೂ ಮಾಡಿದವನೇ. ಕೆಲವು ವರ್ಷಗಳ ಹಿಂದೆ ನನ್ನ ಹಿತ್ತಿಲಲ್ಲಿ ಕಬ್ಬಿಣದ ಕೊಳವೆಗಳನ್ನು ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಸಸಿ ಬೆಳೆಸುವ ಪುಟ್ಟ ಹಸುರುಮನೆಯೊಂದನ್ನು ಕಟ್ಟಿದೆ. ಕೊಳವೆಗಳನ್ನು ಒಂದು ಗೇಣು ಆಳಕ್ಕೆ ಊರಿ, ಬುಡಕ್ಕೆ ಕಲ್ಲು ಒತ್ತಿಟ್ಟಿದ್ದೆ. ವೈಶಾಖದ ಒಂದು ಸಂಜೆ ಮಳೆಗೆ ಮುನ್ನ ಎದ್ದ ಗಾಳಿ ಅದನ್ನು ಬುಡಸಹಿತ ಎತ್ತಿ ನೆರೆಮನೆಯ ಬೇಲಿಯ ಮೇಲೆ ಒಗೆಯಿತು. ಶಾಲೆಯ ತೋಟಕ್ಕೆಂದು ಮಕ್ಕಳು ಬೀಜ ಬಿತ್ತಿ ಸಾಕಿದ್ದ ಸಸಿಗಳೆಲ್ಲ ಅದರೊಳಗಿದ್ದವು. ಮರುದಿನ ಆ ಮಕ್ಕಳಿಗೆ ಉತ್ತರ ಹೇಳುವುದು ವ್ಯಾಕರಣದ ಯಾವ ಸೂತ್ರವನ್ನು ವಿವರಿಸುವುದಕ್ಕಿಂತಲೂ ನನಗೆ ಕಷ್ಟವಾಯಿತು.

ಮುರಿದುದನ್ನು ನೋಡಲು ಬಂದ ವೃದ್ಧ ಗಾರೆಯವರು ಒಂದೇ ಮಾತು ಹೇಳಿದರು: “ಮೇಷ್ಟ್ರೇ, ಇದು ಕೂರೋ ಮನೆ ಅಲ್ಲ, ಹಾರೋ ಮನೆ. ಇದಕ್ಕೆ ಹೊರೋ ಪಾಯ ಬೇಡ, ಹಿಡಿಯೋ ಪಾಯ ಬೇಕು.”

ಈ ಮಾತಿನ ಹಿಂದಿರುವ ಕಾರಣವನ್ನು ವಿಚಾರಿಸೋಣ. ಚಾವಣಿಯ ಮೇಲೆ ಹಾದುಹೋಗುವ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ. ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಒಳಗಿನಿಂದ ನೂಕುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಕಟ್ಟಡಗಳ ಲೆಕ್ಕಕ್ಕಾಗಿ ಭಾರತೀಯ ಮಾನಕವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲವೇಗವನ್ನು ನಿಗದಿಪಡಿಸಿದೆ. 33 ಮೀಟರ್ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 66 ಕಿಲೋಗ್ರಾಂ ತೂಕಕ್ಕೆ ಸಮ. 10 ಅಡಿ ಅಗಲ, 12 ಅಡಿ ಉದ್ದದ ಚಾವಣಿಯ ಮೇಲೆ ಅಷ್ಟು ಸೆಳೆತ ಬಿದ್ದರೆ ಒಟ್ಟು ಏಳು ಕ್ವಿಂಟಾಲನ್ನು ಮೀರುತ್ತದೆ. ಕೊಳವೆ, ಹಾಳೆಗಳ ತೂಕ ಅದರ ಮುಂದೆ ಅತ್ಯಲ್ಪ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯನ್ನು ಅನೇಕರು ಪ್ರವಾಸಕಾಲದಲ್ಲಿ ಕಂಡಿರುತ್ತಾರೆ. ಅದರ ಎರಕದ ಕಬ್ಬಿಣಕ್ಕೆ ಸ್ವಂತ ತೂಕವಿದೆ. ನಮ್ಮ ಹಿತ್ತಿಲ ಹಸುರುಮನೆಗೆ ಅದಿಲ್ಲ. ಇಲ್ಲದ ತೂಕವನ್ನು ನೆಲದೊಳಗಿನ ಕಾಂಕ್ರೀಟು ಒದಗಿಸಬೇಕು.

ಇನ್ನು ಕ್ರಮ. ನೀರು ನಿಲ್ಲದ, ಮರದ ಕೊಂಬೆಗಳು ಬೀಳದ ಜಾಗವನ್ನು ಆರಿಸಿ ಸಮತಟ್ಟು ಮಾಡಬೇಕು. ಮೂಲೆಮಟ್ಟಕ್ಕೆ 3, 4, 5 ಅಡಿಗಳ ತ್ರಿಕೋನದ ದಾರವೇ ಸಾಕು. ಬಳಿಕ ಎರಡು ಕರ್ಣಗಳನ್ನೂ ಅಳೆಯಬೇಕು. 10 ಮತ್ತು 12 ಅಡಿಯ ಆಯಕ್ಕೆ ಎರಡೂ ಸುಮಾರು 15 ಅಡಿ 7½ ಅಂಗುಲ ಬಂದರೆ ಮೂಲೆಗಳು ಸರಿಯಾಗಿವೆ. ನಾಲ್ಕು ಮೂಲೆಗಳಲ್ಲಿ ಹಾಗೂ ಉದ್ದದ ಬದಿಗಳ ನಡುವೆ, ಒಟ್ಟು ಆರು ಗುಂಡಿಗಳನ್ನು ಒಂದೂವರೆ ಅಡಿ ಚೌಕ, ಎರಡು ಅಡಿ ಆಳಕ್ಕೆ ತೋಡಬೇಕು. ಇಂಥ ಒಂದು ಗುಂಡಿಯ ಕಾಂಕ್ರೀಟು ಸುಮಾರು ಮೂರು ಕ್ವಿಂಟಾಲ್ ತೂಗುತ್ತದೆ. ಆರೂ ಸೇರಿ ಹದಿನೆಂಟು. ಒಳಗಿನಿಂದ ನೂಕುವ ಗಾಳಿಗೂ ಇದು ಉತ್ತರ.

ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಂಥಲ್ಲಿ ಇನ್ನೂ ಒಂದಡಿ ಅಗೆದು, ಗರಸು ತುಂಬಿ, ನೀರು ಹಾಕಿ ಚೆನ್ನಾಗಿ ದಮ್ಮಸು ಮಾಡಬೇಕು. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಮಿಶ್ರಣ ಉಚಿತ. ಹೂಳುವ ಕೊಳವೆಯ ಬುಡಕ್ಕೆ ಅಡ್ಡ ಸರಳನ್ನು ಬೆಸೆದಿರಬೇಕು; ಇಲ್ಲವಾದರೆ ಕಾಂಕ್ರೀಟು ನೆಲದಲ್ಲಿಯೇ ಉಳಿದು, ಕೊಳವೆ ಮಾತ್ರ ಕಿತ್ತುಬಂದೀತು. ತೂಗುಗುಂಡಿನಿಂದ ಕೊಳವೆಯ ನೇರವನ್ನೂ, ನೀರು ತುಂಬಿದ ಪಾರದರ್ಶಕ ನಳಿಗೆಯಿಂದ ಆರರ ಮಟ್ಟವನ್ನೂ ನೋಡಿಕೊಳ್ಳಬೇಕು. ಕಾಂಕ್ರೀಟಿನ ಮೇಲ್ಭಾಗ ನೆಲದಿಂದ ಎರಡು ಅಂಗುಲ ಮೇಲಿದ್ದು ಹೊರಕ್ಕೆ ಇಳಿಜಾರಾಗಿದ್ದರೆ ಬುಡದಲ್ಲಿ ನೀರು ನಿಂತು ತುಕ್ಕು ಹಿಡಿಯದು. ಏಳು ದಿನವಾದರೂ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಿದ ಬಳಿಕವೇ ಮೇಲಿನ ಚೌಕಟ್ಟನ್ನು ಬೋಲ್ಟುಗಳಿಂದ ಬಿಗಿಯಬೇಕು. ಒಳಗಿನ ನೆಲಕ್ಕೆ ಜಲ್ಲಿ ಹರವಿದರೆ ಸಾಕು. ಸಸಿಗಳಿಗೆ ಹಾಕಿದ ನೀರು ಅಲ್ಲಿಯೇ ಇಂಗುತ್ತದೆ.

ಹೀಗೆ ಮರಳಿ ಕಟ್ಟಿದ ನನ್ನ ಹಸುರುಮನೆ ಅನಂತರದ ವೈಶಾಖಗಳನ್ನೆಲ್ಲ ತಾಳಿಕೊಂಡಿದೆ. ಹಾಳೆ ಎರಡು ಬಾರಿ ಹರಿಯಿತು, ಬುಡ ಕದಲಲಿಲ್ಲ. ಮಕ್ಕಳು ಮತ್ತೆ ಬಿತ್ತಿದ ನುಗ್ಗೆ, ಹೊಂಗೆಗಳು ಈಗ ಶಾಲೆಯ ಆವರಣದಲ್ಲಿ ನೆರಳು ಕೊಡುತ್ತಿವೆ.

ಮಾನ್ಯ ದಾನಿಗಳಲ್ಲಿ, ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಒಂದು ವಿನಂತಿ. ಶಾಲೆಯ ತೋಟಕ್ಕೆ ಹಸುರುಮನೆ ಕಟ್ಟಿಸಿಕೊಡುವ ಮನಸ್ಸು ತಮ್ಮಲ್ಲಿ ಯಾರಿಗಾದರೂ ಬಂದರೆ, ಮೊದಲ ಹಣ ಆ ಆರು ಗುಂಡಿಗಳಿಗೆ ಸಲ್ಲಲಿ. ಅವು ಯಾರ ಕಣ್ಣಿಗೂ ಬೀಳುವುದಿಲ್ಲ; ಅವುಗಳ ಮೇಲೆ ಹೆಸರಿನ ಫಲಕ ಹಾಕಲೂ ಬಾರದು. ಆದರೆ ಗಾಳಿ ಬಂದ ದಿನ ಮಕ್ಕಳ ಸಸಿಗಳನ್ನು ಉಳಿಸುವವು ಅವೇ.