ಲಕ್ವ ಹೊಡೆದರೆ ತಡ ಮಾಡಬೇಡಿ



ಲಕ್ವ ಎಂಬ ಮಾತು ನಾವೆಲ್ಲ ಕೇಳಿದ್ದೇವೆ. ಪುಸ್ತಕದಲ್ಲಿ ಇದನ್ನೇ ಪಾರ್ಶ್ವವಾಯು ಅನ್ನುತ್ತಾರೆ. ಬೆಳಗ್ಗೆ ಚೆನ್ನಾಗಿ ಓಡಾಡಿಕೊಂಡಿದ್ದವರು ಮಧ್ಯಾಹ್ನ ಕೈ ಎತ್ತಲಾರರು. ಮಾತು ತೊದಲುತ್ತದೆ. ಆಗ ಕೆಲವರು "ಗಾಳಿ ಸೋಕಿದೆ" ಅಂತಾರೆ. ಇನ್ನು ಕೆಲವರು "ಯಾರೋ ಮಾಟ ಮಾಡಿಸಿದ್ದಾರೆ" ಅಂತಾರೆ. ಎರಡೂ ನಿಜವಲ್ಲ. ಇದು ಮಿದುಳಿನ ಕಾಯಿಲೆ.

ಲಕ್ವ ಯಾಕೆ ಬರುತ್ತದೆ?

ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ಪೈರಿಗೆ ನೀರು ಹೋಗುವುದಿಲ್ಲ. ಪೈರು ಒಣಗುತ್ತದೆ. ಹಾಗೆಯೇ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಿದುಳಿನ ಒಂದು ಭಾಗಕ್ಕೆ ರಕ್ತ ಸಿಗುವುದಿಲ್ಲ. ಆ ಭಾಗ ಸಾಯತೊಡಗುತ್ತದೆ. ಕೆಲವರಿಗೆ ನಾಳ ಒಡೆದು ಮಿದುಳಿನೊಳಗೆ ರಕ್ತ ಸೋರುತ್ತದೆ. ಬಿ.ಪಿ. ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಬೀಡಿ, ತಂಬಾಕು ಸೇವಿಸುವವರಿಗೆ ಇದರ ಭಯ ಜಾಸ್ತಿ.

ಗುರುತಿಸುವುದು ಹೇಗೆ?

1. ಹಲ್ಲು ಕಾಣುವಂತೆ ನಗಲು ಹೇಳಿ. ಬಾಯಿ ಒಂದು ಕಡೆ ಸೊಟ್ಟಗಾಯಿತೇ?
2. ಎರಡೂ ಕೈ ಎತ್ತಿ ಹಿಡಿಯಲು ಹೇಳಿ. ಒಂದು ಕೈ ಕೆಳಗೆ ಜಾರಿತೇ?
3. ಹೆಸರು, ಊರು ಹೇಳಿಸಿ. ಮಾತು ತೊದಲಿತೇ?

ಇವುಗಳಲ್ಲಿ ಒಂದು ಇದ್ದರೂ ಸಾಕು. ಕೂಡಲೇ 108ಕ್ಕೆ ಫೋನ್ ಮಾಡಿ. "ಲಕ್ವ ಇರಬಹುದು, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು" ಎಂದು ಹೇಳಿ. ಈ ಗಾಡಿಗೆ ದುಡ್ಡು ಕೊಡಬೇಕಿಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ದೊಡ್ಡ ಲಕ್ವದ ಮುನ್ಸೂಚನೆ ಇರಬಹುದು.

ಇಷ್ಟು ಅವಸರ ಯಾಕೆ?

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಆದರೆ ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಅಪಾಯ. ಅದಕ್ಕೇ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಹೊತ್ತು ಮೀರಿ ಹೋದರೂ ಆಸ್ಪತ್ರೆ ಬೇಕೇ ಬೇಕು. ಬೇರೆ ಚಿಕಿತ್ಸೆಗಳಿವೆ.

ಇದನ್ನು ಮಾಡಬೇಡಿ

ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗಬಹುದು. ಎಣ್ಣೆ ತಿಕ್ಕುತ್ತ, ಪಾರಿವಾಳದ ರಕ್ತ ಹಚ್ಚುತ್ತ ಕೂರಬೇಡಿ. ಅಷ್ಟು ಹೊತ್ತಿಗೆ ಇಂಜೆಕ್ಷನ್‌ನ ಸಮಯ ಮುಗಿದಿರುತ್ತದೆ.

"ಯಜಮಾನರು ಬರಲಿ"

ಮನೆಯಲ್ಲಿ ಕಾಯಿಲೆಯನ್ನು ಮೊದಲು ನೋಡುವವರು ಹೆಚ್ಚಾಗಿ ನಾವು ಹೆಂಗಸರೇ. ಆದರೆ "ಯಜಮಾನರು ಹೊಲದಿಂದ ಬರಲಿ, ಮೈದುನ ಊರಿಂದ ಬರಲಿ" ಎಂದು ಕಾಯುತ್ತೇವೆ. ನಮಗೇನು ಗೊತ್ತು ಅಂದುಕೊಳ್ಳುತ್ತೇವೆ. ನಮಗೆ ಗೊತ್ತು. ಅತ್ತೆಯ ಬಾಯಿ ಸೊಟ್ಟಗಾದದ್ದನ್ನು ಕಂಡವರು ನಾವೇ ತಾನೇ? ಮೊದಲು 108ಕ್ಕೆ ಫೋನ್ ಮಾಡೋಣ. ಆಮೇಲೆ ಮನೆಯವರಿಗೆ ತಿಳಿಸೋಣ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮೊದಲ ಪ್ರಶ್ನೆ: "ಯಾವಾಗ ಶುರುವಾಯಿತು?" ಉತ್ತರ ನಮ್ಮ ಹತ್ತಿರ ಇರುತ್ತದೆ. ಎಷ್ಟು ಗಂಟೆವರೆಗೆ ಚೆನ್ನಾಗಿದ್ದರು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕಲಿತ ಅಕ್ಷರ ಇಲ್ಲಿ ಜೀವ ಉಳಿಸುತ್ತದೆ. ದಿನಾ ನುಂಗುವ ಮಾತ್ರೆಗಳನ್ನೂ ಒಯ್ಯಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಕಾರ್ಡು ಹುಡುಕುತ್ತ ತಡ ಮಾಡಬೇಡಿ. ಹಿಂದಿನಿಂದ ತರಿಸಬಹುದು.

ಮನೆಗೆ ಬಂದ ಮೇಲೆ

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಊಟವನ್ನು ಕೂರಿಸಿಯೇ ಮಾಡಿಸಿ. ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ಮಾಡಿಸಿ. ಹುಷಾರಾದರು ಎಂದು ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಲಕ್ವ ಮತ್ತೆ ಹೊಡೆಯಬಹುದು. ಈ ಆರೈಕೆ ಸೊಸೆಯೊಬ್ಬಳ ಹೊರೆ ಆಗಬಾರದು. ಗಂಡ, ಮಕ್ಕಳು ಎಲ್ಲರೂ ಕೈಜೋಡಿಸಬೇಕು.

ಇನ್ನೊಂದು ಮಾತು. ಲಕ್ವ ನಮಗೂ ಹೊಡೆಯಬಹುದು. ಆಗ ನಮ್ಮನ್ನು ನೋಡುವವರು ಯಾರು? ಈ ಮೂರು ಗುರುತುಗಳನ್ನು ಇವತ್ತೇ ಮನೆಯವರಿಗೆಲ್ಲ ಓದಿ ಹೇಳಿ.

ಚರ್ಚಿಸೋಣ

1. ನಮ್ಮ ಊರಿಗೆ ಹತ್ತಿರದಲ್ಲಿ ಸ್ಕ್ಯಾನ್ ಇರುವ ಆಸ್ಪತ್ರೆ ಎಲ್ಲಿದೆ?
2. ರಾತ್ರಿ ಹೊತ್ತು 108 ಬರುವುದು ತಡವಾದರೆ ಬೇರೆ ಗಾಡಿ ಯಾರ ಹತ್ತಿರ ಇದೆ?
3. ನಮ್ಮ ಮನೆಯಲ್ಲಿ ಯಾರ ಬಿ.ಪಿ. ಇನ್ನೂ ನೋಡಿಸಿಲ್ಲ?