ಡೀಸೆಲ್ ಎಂಜಿನ್ನಿನ ಹೊಗೆ ಮತ್ತು ದೋಷನಿರ್ಣಯ

ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿಯಿಲ್ಲ. ಸಿಲಿಂಡರಿನಲ್ಲಿ ಒತ್ತಡಕ್ಕೊಳಗಾದ ಗಾಳಿಯ ಶಾಖವೇ ಆ ಕಾರ್ಯವನ್ನು ನಿರ್ವಹಿಸುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಪರೀಕ್ಷಿಸಿದ ಯಂತ್ರದಿಂದ ಇಂದಿನವರೆಗೂ ಈ ಮೂಲತತ್ತ್ವ ಬದಲಾಗಿಲ್ಲ. ಆದುದರಿಂದ ಗಾಳಿ, ಒತ್ತಡ, ಇಂಧನ ಇವುಗಳ ಹೊಂದಾಣಿಕೆ ತಪ್ಪಿದಾಗ ಹೊಗೆಯಲ್ಲಿಯೇ ಅದರ ಕುರುಹು ಕಾಣುತ್ತದೆ.

ಕಪ್ಪು ಹೊಗೆ ಗಾಳಿಯ ಕೊರತೆಯನ್ನೋ ಇಂಧನದ ಆಧಿಕ್ಯವನ್ನೋ ಸೂಚಿಸುತ್ತದೆ: ಧೂಳು ಕಟ್ಟಿದ ಏರ್ ಫಿಲ್ಟರ್, ಸೋರುವ ಇಂಜೆಕ್ಟರ್, ಮಿತಿಮೀರಿದ ಹೊರೆ ಇದರ ಸಾಮಾನ್ಯ ಕಾರಣಗಳು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಸವೆದ ಪಿಸ್ಟನ್ ರಿಂಗ್, ವಾಲ್ವ್ ಗೈಡ್ ಅಥವಾ ಟರ್ಬೊ ಸೀಲುಗಳನ್ನು ಶಂಕಿಸಬೇಕು.

ತಪ್ಪು ನಿರ್ಣಯಕ್ಕೆ ಹೆಚ್ಚು ಎಡೆಯಿರುವುದು ಬಿಳಿ ಹೊಗೆಯಲ್ಲಿ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಕಾಣುವ ಬಿಳುಪು ಸಹಜ. ಬಿಸಿಯಾದ ಮೇಲೂ ಅದು ಉಳಿದು, ಕಣ್ಣುರಿಸುವ ಡೀಸೆಲ್ ವಾಸನೆಯಿದ್ದರೆ ಅದು ಉರಿಯದ ಇಂಧನ. ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಕೆಟ್ಟ ಹೆಡ್ ಗ್ಯಾಸ್ಕೆಟ್ಟಿನ ಮೂಲಕ ನೀರು ಸಿಲಿಂಡರನ್ನು ಸೇರುತ್ತಿರಬಹುದು. ಆಗ ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ನೀರು ಗಾಳಿಯಂತೆ ಕುಗ್ಗದಿರುವುದರಿಂದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಬಣ್ಣದಿಂದ ದೊರೆಯುವುದು ಸುಳಿವು ಮಾತ್ರ, ತೀರ್ಮಾನವಲ್ಲ. ಫಿಲ್ಟರ್, ಆಯಿಲ್ ಮತ್ತು ನೀರಿನ ಮಟ್ಟ, ಅನಂತರ ಸಿಲಿಂಡರಿನ ಒತ್ತಡ – ಹೀಗೆ ಸುಲಭದ ಪರೀಕ್ಷೆಗಳನ್ನು ಮೊದಲು ಮುಗಿಸಿದರೆ ಎಂಜಿನ್ನನ್ನು ವೃಥಾ ಬಿಚ್ಚುವ ವೆಚ್ಚ ತಪ್ಪುತ್ತದೆ.