ಹಳೆಯ ವಿದ್ಯುತ್ ಪಿಯಾನೊ ಕೊಳ್ಳುವ ಮುನ್ನ

ಹಾರ್ಮೋನಿಯಂ ನುಡಿಸುವವರನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಬಲಗೈ ಸ್ವರವನ್ನು ಆರಿಸುತ್ತದೆ. ನಾದದ ಏರಿಳಿತವೆಲ್ಲ ತಿದಿಯನ್ನೊತ್ತುವ ಎಡಗೈಗೆ ಸೇರಿದ್ದು. ಪಿಯಾನೊದಲ್ಲಿ ಈ ಎರಡು ಹೊಣೆಗಳೂ ಒಂದೇ ಬೆರಳಿನ ಮೇಲೆ ಬೀಳುತ್ತವೆ. ಪ್ರತಿಯೊಂದು ಕೀಲಿಯ ಹಿಂದೆಯೂ ಒಂದು ಸುತ್ತಿಗೆಯಿದೆ. ಅದರ ಭಾರವನ್ನು ಬೆರಳು ಅರಿಯುವುದರಿಂದಲೇ ಮೆಲುದನಿಯೂ ಗಟ್ಟಿದನಿಯೂ ವಾದಕನ ವಶವಾಗುತ್ತವೆ. ಸಾಮಾನ್ಯ ಪಿಯಾನೊದ ನಡುಭಾಗದ ಕೀಲಿಯೊಂದು ತಾನಾಗಿ ಇಳಿಯಬೇಕಾದರೆ ಅದರ ತುದಿಯ ಮೇಲೆ ಸುಮಾರು ೫೦ ಗ್ರಾಂ ತೂಕವನ್ನಿಡಬೇಕು. ಹಗುರವಾದ ಕೀಲಿಗಳ ಮೇಲೆಯೇ ವರ್ಷಗಟ್ಟಲೆ ಅಭ್ಯಾಸ ಮಾಡಿದ ಮಗುವಿಗೆ ನಿಜವಾದ ಪಿಯಾನೊದ ಮುಂದೆ ಕುಳಿತಾಗ ಬೆರಳು ಸೋಲುತ್ತದೆ. ಆದುದರಿಂದ, ಮಿತವಾದ ಹಣದಲ್ಲಿ ಹಳೆಯ ವಿದ್ಯುತ್ ಪಿಯಾನೊವನ್ನು ಕೊಳ್ಳಹೊರಟ ಗೃಹಸ್ಥರು ಬೆಲೆಯನ್ನು ವಿಚಾರಿಸುವ ಮೊದಲು, ಕೀಲಿಯ ಹಿಂದೆ ಸುತ್ತಿಗೆ ಇದೆಯೆ ಎಂಬುದನ್ನು ವಿಚಾರಿಸತಕ್ಕದ್ದು.

ಗಾಯಾಳುಗಳಿಗಾಗಿ ಹುಟ್ಟಿದ ವಾದ್ಯ

ಈ ಬಗೆಯ ವಾದ್ಯಗಳಲ್ಲಿ ಹೆಸರಾಂತ ರೋಡ್ಸ್ ಪಿಯಾನೊ ಸಿರಿವಂತರ ದಿವಾನಖಾನೆಗಾಗಿ ಹುಟ್ಟಿದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಸಂಗೀತ ಶಿಕ್ಷಕ ಹೆರಾಲ್ಡ್ ರೋಡ್ಸ್ ಅವರು, ಗಾಯಗೊಂಡ ಸೈನಿಕರು ಹಾಸಿಗೆಯಲ್ಲಿದ್ದುಕೊಂಡೇ ನುಡಿಸಲೆಂದು, ಬಿ-೧೭ ಬಾಂಬರ್ ವಿಮಾನಗಳ ಅಲ್ಯೂಮಿನಿಯಂ ಕೊಳವೆಗಳಿಂದ ಪುಟ್ಟ ಕೀಲಿವಾದ್ಯವೊಂದನ್ನು ರಚಿಸಿದರು. ಮುಂದೆ ಗಿಟಾರ್ ತಯಾರಕ ಲಿಯೊ ಫೆಂಡರ್ ಅವರೊಡನೆ ಸೇರಿ ೧೯೫೯ರಲ್ಲಿ ೩೨ ಕೀಲಿಗಳ 'ಪಿಯಾನೊ ಬೇಸ್' ಎಂಬ ವಾದ್ಯವನ್ನು ಹೊರತಂದರು. ೧೯೬೫ರಲ್ಲಿ ೭೩ ಕೀಲಿಗಳ ವಾದ್ಯ ಬಂದಿತು. ಇದರಲ್ಲಿ ತಂತಿಗಳಿಲ್ಲ. ಸುತ್ತಿಗೆಯು ತೆಳುವಾದ ಉಕ್ಕಿನ ಕಡ್ಡಿಗೆ ಬಡಿಯುತ್ತದೆ. ಕಡ್ಡಿಯೂ ಅದರ ಮೇಲಣ ಲೋಹದ ಪಟ್ಟಿಯೂ ಸೇರಿ ಶ್ರುತಿಕವೆಯಂತೆ ಮಿಡಿಯುತ್ತವೆ. ಆ ಮಿಡಿತವನ್ನು ಅಯಸ್ಕಾಂತದ 'ಪಿಕಪ್' ವಿದ್ಯುತ್ತಾಗಿ ಮಾರ್ಪಡಿಸುತ್ತದೆ.

ಯಾರಿಗೆ ಯಾವುದು?

ರೋಡ್ಸಿನಲ್ಲಿ ಎರಡು ಬಗೆಗಳುಂಟು. 'ಸೂಟ್‌ಕೇಸ್' ಎಂಬುದರಲ್ಲಿ ಧ್ವನಿವರ್ಧಕವು ಜೊತೆಗೇ ಬರುತ್ತದೆ. ೧೯೭೦ರಿಂದ ಬಂದ 'ಸ್ಟೇಜ್' ಬಗೆಯಲ್ಲಿ ಅದಿಲ್ಲ. ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಸ್ಟೇಜ್ ಪಿಯಾನೊಗೆ ಮನೆಯ ವಿದ್ಯುತ್ತೇ ಬೇಡ. ಅದರ ತಂತಿಯನ್ನು ಹೊರಗಿನ ಆಂಪ್ಲಿಫೈಯರಿಗೆ ಜೋಡಿಸಿದರಾಯಿತು. ಅಮೆರಿಕದ ಉಳಿದ ವಾದ್ಯಗಳು ಅಲ್ಲಿಯ ೧೨೦ ವೋಲ್ಟಿಗಾಗಿ ರಚಿತವಾದವು. ನಮ್ಮ ೨೩೦ ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋದಾವು, ಟ್ರಾನ್ಸ್‌ಫಾರ್ಮರ್ ಅವಶ್ಯಕ.

ವುರ್ಲಿಟ್ಜರ್ ಪಿಯಾನೊದಲ್ಲಿ ಸುತ್ತಿಗೆಯು ಉಕ್ಕಿನ ರೀಡಿಗೆ ಬಡಿಯುತ್ತದೆ. ರೇ ಚಾರ್ಲ್ಸ್ ಅವರು ೧೯೫೯ರ ತಮ್ಮ ಪ್ರಸಿದ್ಧ ಗೀತೆ 'ವಾಟ್'ಡ್ ಐ ಸೇ'ಯಲ್ಲಿ ನುಡಿಸಿದುದು ಇದನ್ನೇ. ಇದರ ಒಳಗಿನ ಯಂತ್ರ ನಿಜವಾದ ಪಿಯಾನೊವನ್ನು ಹೋಲುತ್ತದೆ, ಸಾಗಿಸಲೂ ಹಗುರ. ಆದರೆ ಕೀಲಿಗಳು ೬೪ ಮಾತ್ರ. ಒರಟಾಗಿ ನುಡಿಸಿದರೆ ರೀಡುಗಳು ಮುರಿಯುತ್ತವೆ.

ಸ್ಪರ್ಶವೇ ಮುಖ್ಯವೆನ್ನುವವರಿಗೆ ೧೯೭೬ರಲ್ಲಿ ಬಂದ ಜಪಾನಿನ ಯಮಾಹ ಸಿಪಿ-೭೦ಯನ್ನು ಮೀರಿದುದಿಲ್ಲ. ಇದರಲ್ಲಿ ನಿಜವಾದ ತಂತಿಗಳೇ ಇವೆ. ಆದರೆ ೧೦೦ ಕಿಲೋಗ್ರಾಂಗೂ ಮಿಕ್ಕ ತೂಕ. ಆಗಾಗ ಶ್ರುತಿ ಮಾಡಿಸಲೂ ಬೇಕು. ಮಹಡಿಯ ಮನೆಯವರು ಎರಡು ಬಾರಿ ಯೋಚಿಸುವುದು ಒಳಿತು.

ಅಗ್ಗವೆಂದು ಮರುಳಾಗಬಾರದ ವಾದ್ಯಗಳೂ ಇವೆ. ಜರ್ಮನಿಯ ಹೋನರ್ ಪಿಯಾನೆಟ್ ಇಂಪಾಗಿ ನುಡಿಯುತ್ತದೆ, ನಿಜ. ಆದರೆ ಅದರಲ್ಲಿ ಸುತ್ತಿಗೆಯೇ ಇಲ್ಲ. ಅಂಟಿಕೊಂಡ ಮೆತ್ತೆಯೊಂದು ರೀಡಿನಿಂದ ಬಿಡಿಸಿಕೊಂಡಾಗ ನಾದ ಹುಟ್ಟುತ್ತದೆ. ೧೯೮೩ರ ಯಮಾಹ ಡಿಎಕ್ಸ್-೭ ರೋಡ್ಸಿನಂಥ ನಾದವನ್ನು ಅನುಕರಿಸಿ ಅನೇಕರು ತಮ್ಮ ಭಾರವಾದ ಪಿಯಾನೊಗಳನ್ನು ಬದಿಗಿಡುವಂತೆ ಮಾಡಿತು. ಆದರೆ ಸುತ್ತಿಗೆಯ ಭಾರ ಅದರ ಕೀಲಿಗಳಿಗಿಲ್ಲ.

ಪರೀಕ್ಷೆ ಹೇಗೆ?

ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರತಿ ಕೀಲಿಯನ್ನೂ ಮೊದಲು ಮೆಲ್ಲನೆ, ಅನಂತರ ಬಲವಾಗಿ ಒತ್ತಿ ನೋಡಿರಿ. ಬೆರಳು ತೆಗೆದೊಡನೆ ಕೀಲಿ ಮೇಲೇಳಬೇಕು, ನಾದ ನಿಲ್ಲಬೇಕು. ಒಂದೆರಡು ಸ್ವರಗಳು ಮಂದವಾಗಿದ್ದರೆ ಹೆದರಬೇಕಾಗಿಲ್ಲ. ರೋಡ್ಸಿನಲ್ಲಿ ಪಿಕಪ್ಪನ್ನು ಕಡ್ಡಿಯ ಹತ್ತಿರಕ್ಕೆ ಸರಿಸಿದರೆ ಸರಿಹೋಗುವುದುಂಟು. ಕೆಲವು ರೋಡ್ಸ್‌ಗಳ ಕೀಲಿ ಜಡವಾಗಿರುತ್ತದೆ. ಸುತ್ತಿಗೆಯನ್ನೆತ್ತುವ ಜಾಗದಲ್ಲಿ ಸಣ್ಣ ಉಬ್ಬೊಂದನ್ನು ಅಂಟಿಸಿ ಕುಶಲಕರ್ಮಿಗಳು ಅದನ್ನು ಚುರುಕುಗೊಳಿಸಬಲ್ಲರು. ಮುಚ್ಚಳ ತೆಗೆಸಿ ಒಳಗೂ ನೋಡಿರಿ: ಸುತ್ತಿಗೆಯ ತುದಿಗಳಲ್ಲಿ ಆಳವಾದ ಗೀರುಗಳಿದ್ದರೆ ಅವುಗಳನ್ನು ಬದಲಿಸಬೇಕಾದೀತು. ತುಕ್ಕೂ, ತೇವಕ್ಕೆ ಉಬ್ಬಿದ ಮರವೂ ಕಂಡರೆ, ಬೆಲೆ ಎಷ್ಟೇ ಇಳಿದರೂ ಹಿಂದಿರುಗುವುದೇ ಜಾಣತನ.

ಇವೆಲ್ಲ ದಶಕಗಳಷ್ಟು ಹಳೆಯ ವಾದ್ಯಗಳು, ರಿಪೇರಿಯಿಲ್ಲದೆ ನಡೆಯಲಾರವು. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ ಒಂದು ಪಾಲನ್ನು ರಿಪೇರಿಗೆ ತೆಗೆದಿಡಬೇಕು. ಹೊರಗೆ ಬಣ್ಣಗೆಟ್ಟರೂ ಒಳಗೆ ಗಟ್ಟಿಯಾಗಿರುವ ಸ್ಟೇಜ್ ರೋಡ್ಸ್ ದೊರೆತರೆ, ಮಧ್ಯಮ ವರ್ಗದ ಮನೆಗೆ ಅದೇ ತಕ್ಕುದು. ಹೊರಕವಚವನ್ನು ಎಂದು ಬೇಕಾದರೂ ಹೊಸದು ಮಾಡಿಸಬಹುದು. ಆದರೆ ಮಗುವಿನ ಕೈ ಪಳಗುವ ವಯಸ್ಸು ಅಲ್ಲಿಯವರೆಗೆ ಕಾಯುವುದಿಲ್ಲ.